ಗರಜು ಅನ್ನೋ ಖಾನೆ

ನನ್ನ ಮೊಮ್ಮಗಳು ಮಾಸ್ತರಿಕಿ ಕಲಿಯಾಕ ಹೋಗಾಕತ್ತಿದ್ದ ವರ್ಷ, ದಿನಾ ಸಂಜಿಮುಂದ ಪಡಸಾಲ್ಯಾಗ ಕುಂತು ಗಟ್ಟಿಯಾಗಿ ಓದತಿದ್ಲು. ಒಂದು ಸಂಜಿ ಮನಃಶಾಸ್ತ್ರದ ಪುಸ್ತಕ ತಗದಿದ್ಲು. ‘ಪ್ರೇರಣೆ’ ಅನ್ನೋ ಪಾಠ. ಮನುಷ್ಯ ಯಾಕ ಒಂದು ಕೆಲಸಕ್ಕ ಕೈ ಹಾಕ್ತಾನ ಅನ್ನೋದರ ಬಗ್ಗೆ ಪಂಡಿತರು ಹೇಳಿದ್ದೆಲ್ಲಾ ಅದರಾಗಿತ್ತು. ಎಲ್ಲಾ ಹುಟ್ಟುಗುಣ, ಕೂಸಿಗೆ ಮೊಲಿ ಹುಡುಕೋದು ಯಾರರ ಕಲಿಸ್ತಾರೇನು ಅಂತ ಕೆಲವರು ಅಂತಾರಂತ. ಹಸಿವು ನೀರಡಿಕಿ ಒಳಗಿಂದ ದೂಡ್ತಾವು ಅಂತ ಇನ್ನು ಕೆಲವರು. ದೂಡೋದಲ್ಲ, ಮುಂದ ಸಿಗೋ ಇನಾಮು ಜಗ್ಗತೈತಿ ಅಂತ ಮತ್ತೊಬ್ಬರು. ಹೊಟ್ಟಿ ತುಂಬಿದ ಮ್ಯಾಲ ಮಾನ ಬೇಕಾಗತೈತಿ ಅಂತ ಒಬ್ಬರು. ಕಡೀಕ, ಮನುಷ್ಯ ತನಗ ತಾನ ಇಟ್ಟುಕೊಳ್ಳೋ ಗುರಿ.

“ಇದಕ್ಕೆಲ್ಲಾ ನಮ್ಮ ಕಡೆ ಒಂದ ಮಾತೈತಿ. ಗರಜು,” ಅಂದೆ ನಾನು.

ಅಕಿ ನಕ್ಲು. “ಅಜ್ಜಿ, ಗರಜು ಅಂದ್ರ ಜರೂರು. ಗುರಿ ಬ್ಯಾರೆ, ಗರಜು ಬ್ಯಾರೆ.”

ನನಗ ಸಿಟ್ಟು ಬಂತು. ಇವೆರಡರ ನಡುವಿನ ಫರಕು ನನಗ ಪುಸ್ತಕ ಹೇಳಬೇಕಾಗಿದ್ದಿಲ್ಲ. ಆ ಫರಕು ಗೊತ್ತಿಲ್ಲದ ನಾನು ಒಂದು ಸಲ ನನ್ನ ಬಾಳೇ ಕಳಕೊಳ್ಳೋದರಾಗಿದ್ದೆ. ಪುಸ್ತಕ ಮುಚ್ಚಿಡು ಅಂತ ಹೇಳಿ ಅಕಿಗೆ ಈ ಕಥಿ ಹೇಳಿದೆ. ಅಕಿಗೆ ಹೇಳಿದ್ದನ್ನ ಇಲ್ಲಿ ಬರದೀನಿ.

ನಿಜಾಮನ ಕಾಲ ಅದು. ಎಲ್ಲೋ ದೂರದ ದೇಶದಾಗ ಲಡಾಯಿ ನಡದಿತ್ತು, ಇಲ್ಲಿ ನಮ್ಮ ಜ್ವಾಳಕ್ಕ ಸರಕಾರದ ಲೇವಿ ಬಿದ್ದಿತ್ತು, ಬೆಳೆದದ್ದರಾಗ ಪಾಲು ಸರಕಾರಕ್ಕ ಅಳೆದು ಕೊಡಬೇಕಿತ್ತು. ನಾನು ಗುರುಗುಂಟಾದಾಗ ಹುಟ್ಟಿದಾಕಿ, ಮಸ್ಕಿಗೆ ಸೊಸಿಯಾಗಿ ಬಂದು ಎಂಟು ವರ್ಷಾಗಿತ್ತು. ಮನ್ಯಾಗ ನಾವು ನಾಕ ಮಂದಿ: ಅತ್ತಿ, ನಮ್ಮ ಮನಿಯವರು, ನಾನು, ನಾಕು ವರ್ಷದ ನನ್ನ ಮಗಳು. ಮಾವ ತೀರಿಕೊಂಡಿದ್ರು. ಅತ್ತಿ ಮಾತ ಮನಿ ಮಾತು. ಅಕಿ ಬಾಗಲದಾಗ ಬಂದು ನಿಂತ್ರ ಎತ್ತುಗೋಳು ಸೈತ ಕೊರಳಗಂಟಿ ಅಲಗಾಡಸತಿದ್ದಿಲ್ಲ. ನನಗೂ ಬಾಯಿ ಇತ್ತು. ತೌರಿನಿಂದ ತಂದದ್ದು ಅದೊಂದ ಅಂತ ಅತ್ತಿ ಓಣಿಗೆಲ್ಲಾ ಹೇಳತಿದ್ಲು.

ಅದೊಂದ ಅಲ್ಲ, ಅಕ್ಷರಾನೂ ತಂದಿದ್ದೆ. ಸಣ್ಣಾಕಿದ್ದಾಗ ಅಪ್ಪ ಮರಳಿನ ಮ್ಯಾಲ ಬೆರಳು ಹಿಡಿದು ಕನ್ನಡ ಬರಿಸಿದ್ದ. ಆದ್ರ ಆವಾಗ ಕನ್ನಡ ಬಂದ್ರ ಏನು ಬಂತು? ಕಚೇರಿ, ಕೋರ್ಟು, ದವಾಖಾನಿ, ಎಲ್ಲಾ ಕಡೆ ಕಾಗದ ಉರ್ದುದಾಗ. ನಮ್ಮ ಹೊಲದ ಕಾಗದ ನಮಗ ಓದಾಕ ಬರತಿದ್ದಿಲ್ಲ.

ನಮ್ಮ ಬಾಜೂ ಮನ್ಯಾಗ ಒಬ್ಬಾಕಿ ಸೂಲಗಿತ್ತಿ ಮುದುಕಿ ಇದ್ಲು. ಅರ್ಧ ಮಸ್ಕಿ ಅಕಿ ಕೈಯಾಗ ಹುಟ್ಟಿತ್ತು. ಕಣ್ಣು ಮಂಜಾಗಿದ್ದವು ಅಂತ ಅಕಿ ಎಲ್ಲಿಗೆ ಹೋದ್ರೂ ನನ್ನ ಕರಕೊಂಡು ಹೋಗತಿದ್ಲು. ನಾನು ಬಿಸಿನೀರು ಕಾಸೋದು, ಅರಬಿ ಕೊಡೋದು ಮಾಡ್ತಿದ್ದೆ. ಒಂದು ದಿನ ಮಧ್ಯಾಹ್ನ ಒಬ್ಬ ಬಸುರಿಗೆ ಬ್ಯಾನಿ ಎದ್ದಿತ್ತು, ಕೂಸು ಅಡ್ಡ ಮಲಗಿತ್ತು. ಮುದುಕಿ ಅಕಿ ಹೊಟ್ಟಿಗೆ ಔಡಲೆಣ್ಣಿ ಹಚ್ಚಿ, ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ ಸುಮ್ಮನ ಕುಂತ್ಲು. ಬ್ಯಾನಿ ಬಂದಾಗ ಕೈ ಸಡಲು ಬಿಡೋದು, ಹೋದಾಗ ಒಂದು ಚೂರು ಸರಿಸೋದು. ಎಷ್ಟು ಹೊತ್ತಾತೋ, ನನ್ನ ಕಣ್ಣ ಮುಂದ ಆ ಹೊಟ್ಟಿ ಆಕಾರ ಬದಲಾತು. ಕೂಸು ತೆಲಿ ಮುಂದಾಗಿ ಹುಟ್ಟಿತು, ತಾಯಿ ಉಳಿದ್ಲು.

ಮನಿಗೆ ಬರೋ ದಾರ್‍ಯಾಗ ಕೇಳಿದೆ, “ಎವ್ವಾ, ಕೂಸಿನ ತೆಲಿ ಎಲ್ಲೈತಿ ಅಂತ ನಿನಗ ಹೆಂಗ ಗೊತ್ತಾತು?”

“ನನಗೆಲ್ಲಿ ಗೊತ್ತೈತೆವಾ. ಕೈಗೆ ಗೊತ್ತೈತಿ,” ಅಂದ್ಲು.

ಆ ಮಾತು ಕೇಳಿ ನನಗ ನಿದ್ದಿ ಕೆಟ್ಟಿತು ಅಂದ್ರೂ ನಡದೀತು. ರೊಟ್ಟಿ ಬಡಿವಾಗ, ಹತ್ತಿ ಬಿಡಿಸುವಾಗ, ನನ್ನ ಕೈ ನಾನ ನೋಡಿಕೊಳ್ಳಾಕ ಹತ್ತಿದೆ. ಅಕಿ ಕೈಗೆ ಗೊತ್ತಿದ್ದದ್ದು ಏನು? ಅಕಿ ಸತ್ರ ಅದೂ ಅಕಿ ಸಂಗಾಟ ಮಣ್ಣಾಗ ಹೋಗತೈತೇನು? ಯಾರನ್ನ ಕೇಳಬೇಕು ಅಂತ ತಿಳೀಲಿಲ್ಲ.

ಅದ ವರ್ಷ ಸುದ್ದಿ ಬಂತು. ಲಿಂಗಸೂಗೂರಿನ ದವಾಖಾನ್ಯಾಗ ಹೆಂಗಸರಿಗೆ ಹೆರಿಗಿ ಮಾಡಿಸೋ ದಾಯಿ ಕೆಲಸ ಕಲಿಸ್ತಾರಂತ. ಒಂದು ವರ್ಷ ಅಲ್ಲೇ ಇರಬೇಕು, ಮಸ್ಕಿ ಕಡಿಯಿಂದ ಒಬ್ಬಾಕೀನ್ನ ಮಾತ್ರ ತಗೋತಾರ. ನಾನು ಹೋಗತೀನಿ ಅಂದೆ. ಓಣ್ಯಾಗ ಒಬ್ಬೊಬ್ಬರು ಒಂದೊಂದು ಕಾರಣ ಹಚ್ಚಿದ್ರು.

“ಲೇವಿ ಬಿದ್ದಾಗಿಂದ ಇಕಿಗೆ ಹೊಟ್ಟಿ ಚಿಂತಿ ಹತ್ತೈತಿ,” ಅಂದ್ಲು ಅತ್ತಿ. ಎದುರು ಮನ್ಯಾಕಿ ಪಗಾರದ ಆಸೆ ಅಂದ್ಲು. ಸಿಂಧನೂರಿಗೆ ಕೊಟ್ಟಿದ್ದ ನಾದಿನಿ ಬಂದಾಕಿ, ಬಿಳಿ ಸೀರಿ ಉಟ್ಟು ಮಂದಿ ಮುಂದ ಮೆರೆಯೋ ಹುಕಿ ಅಂದ್ಲು. ಸೂಲಗಿತ್ತಿ ಮುದುಕಿ ಮಾತ್ರ, “ಹೆಣ್ಣಿನ ನೋವು ಕಂಡ್ರ ಹೆಣ್ಣಿನ ಕೈ ತಾನ ಮುಂದ ಹೋಗತೈತಿ, ಅದು ಹುಟ್ಟಿಂದ ಬಂದದ್ದು,” ಅಂದ್ಲು. ನನ್ನ ಮೊಮ್ಮಗಳ ಪುಸ್ತಕದಾಗಿನ ಪಂಡಿತರೆಲ್ಲಾ ಆವಾಗ ನಮ್ಮ ಓಣ್ಯಾಗ ಇದ್ರು ನೋಡ್ರಿ. ಯಾರದೂ ಪೂರಾ ಸುಳ್ಳಲ್ಲ. ಹೊಟ್ಟಿ ಚಿಂತಿ ಇತ್ತು, ಪಗಾರ ಯಾರಿಗೆ ಬ್ಯಾಡ, ಬಿಳಿ ಸೀರಿ ಕನಸಿನ್ಯಾಗ ಎರಡು ಸಲ ಉಟ್ಟೂ ನೋಡಿದ್ದೆ. ಆದ್ರ ಇವೆಲ್ಲಾ ಕೂಡಿಸಿದ್ರೂ ನನ್ನೊಳಗಿದ್ದದ್ದು ಆಗತಿದ್ದಿಲ್ಲ.

“ಹೋಗಿ ಬಾ,” ಅಂದ್ಲು ಅತ್ತಿ. “ಹೆಂಗೂ ನಿನ್ನ ತಗೊಳ್ಳೋದಿಲ್ಲ. ತಿರುಗಿ ಬಂದು ಬಾಯಿ ಮುಚಗೊಂಡು ಇರ್ತಿ.”

ನಮ್ಮ ಮನಿಯವರು ಚಕ್ಕಡಿ ಹೂಡಿದ್ರು. ಮಾತು ಕಮ್ಮಿ ಅವರದು. ಅತ್ತಿ-ಸೊಸಿ ನಮ್ಮಿಬ್ಬರ ನಡುವ ದಿನಾ ಸಿಕ್ಕೊಂಡು ಅವರ ಮಾತು ತೀರಿಹೋಗಿದ್ವು ಅಂತ ಕಾಣತೈತಿ. ಲಿಂಗಸೂಗೂರು ಮುಟ್ಟೋದಕ್ಕ ಇಡೀ ಹಗಲು ಹಿಡೀತು. ಮರುದಿನ ಮುಂಜಾನೆ ದವಾಖಾನಿ ಹೊರಗ ಅವರು ಎತ್ತು ಹಿಡಕೊಂಡು ನಿಂತ್ರು, ನಾನೊಬ್ಬಾಕೀನ ಒಳಗ ಹೋದೆ.

ಒಳಗ ಒಬ್ಬ ಮುನ್ಶಿ ಮೇಜಿನ ಮುಂದ ಕುಂತು ಅರ್ಜಿ ತುಂಬಸಾಕತ್ತಿದ್ದ. ವಯಸ್ಸಾದ ಮನುಷ್ಯ, ಬಿಳಿ ಗಡ್ಡ, ಹರಕುಮುರುಕು ಕನ್ನಡ. ಹೆಸರು ಕೇಳಿದ, ಬರದ. ಊರು ಕೇಳಿದ, ಬರದ. ವಯಸ್ಸು ಕೇಳಿದ, ನಾನು ಅಂದಾಜು ಹೇಳಿದೆ, ಅವನೂ ಅಂದಾಜು ಬರದ. ಆಮ್ಯಾಲ ಕಾಗದದ ಮ್ಯಾಲಿನ ಒಂದು ಖಾನೆಗೆ ಬೆರಳಿಟ್ಟು ತೆಲಿ ಎತ್ತಿದ.

“ಗರಜ್?”

ನನಗ ಮೈಯೆಲ್ಲಾ ಉರೀತು. ನಮ್ಮ ಕಡೆ ಗರಜು ಅಂದ್ರ ಏನು? ಮನ್ಯಾಗ ಹಿಟ್ಟಿಲ್ಲದಾಗ ಮಂದಿ ಬಾಗಲಕ್ಕ ಹೋಗಿ ನಿಲ್ಲೋದು ಗರಜು. ಯಾರ ಮುಂದೂ ಗರಜೈತಿ ಅನಬ್ಯಾಡ ಅಂತ ನಮ್ಮವ್ವ ಗಂಡನ ಮನಿಗೆ ಕಳಿಸುವಾಗ ಕಿವ್ಯಾಗ ಹೇಳಿದ್ಲು. ಈ ಮುನ್ಶಿ ನನ್ನ ಮಾರಿ ನೋಡಿ, ಏನವಾ, ಬಡತನೇನು ಅಂತ ಕೇಳಾಕತ್ತಾನ ಅಂತ ತಿಳಕೊಂಡೆ. ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗ ಮಾಡಿ, ಅಕ್ಕಪಕ್ಕದವರಿಗೆ ಕೇಳುವಂಗ ಹೇಳಿದೆ, “ನನಗೇನೂ ಗರಜಿಲ್ರಿ.”

“ಕುಛ್ ನಹೀ?”

“ಏನಂದ್ರ ಏನೂ ಇಲ್ರಿ.”

ಆತ ಲೇಖನಿ ಶಾಯಿಯಾಗ ಅದ್ದಿದ. ಆಮ್ಯಾಲ ಬರದ. ನಾನು ಹೊರಗ ಬಂದು ನಮ್ಮ ಮನಿಯವರಿಗೆ, “ಮನಿ ಮಾನ ಉಳಿಸಿ ಬಂದೀನ್ರಿ,” ಅಂದೆ. ವಾಪಸ್ ಬರೋ ದಾರಿತುಂಬಾ ನನ್ನ ಮಾರಿ ಅಗಲ ಆಗಿತ್ತು.

ಒಂದು ತಿಂಗಳಿಗೆ ಕಾಗದ ಬಂತು. ಮಸ್ಕಿಯೊಳಗ ಉರ್ದು ಓದೋರು ಅಂದ್ರ ಸಾಲಿ ಮಾಸ್ತರು. ಅವರು ಕನ್ನಡಕ ಏರಿಸಿಕೊಂಡು ಒಂದಪಾ ಓದಿದ್ರು, ಮತ್ತೊಂದಪಾ ಓದಿದ್ರು, ಆಮ್ಯಾಲ ನಗಾಕ ಹತ್ತಿದ್ರು. ಕಣ್ಣಾಗ ನೀರು ಬರೋತನಕ ನಕ್ರು.

“ನಗೂದಾದ್ರ ಕಾಗದ ಕೊಡ್ರಿ ಇಲ್ಲೆ. ನಾನು ಬ್ಯಾರೆಯವರ ಕಡೆ ಓದಿಸಿಕೋತೀನಿ,” ಅಂದೆ ನಾನು.

“ಸಿಟ್ಟಾಗಬ್ಯಾಡವಾ. ಇದರಾಗ ಹಿಂಗೈತಿ ನೋಡು. ‘ಈ ಕೆಲಸ ಕಲಿಯಾಕ ತನಗ ಏನೂ ಉದ್ದೇಶ ಇಲ್ಲ ಅಂತ ಈ ಹೆಣ್ಣುಮಗಳು ತನ್ನ ಬಾಯಿಂದ ತಾನ ಹೇಳ್ಯಾಳ. ಅದಕ್ಕ ತಗೊಳ್ಳಾಕ ಬರೋದಿಲ್ಲ.’ ಆತ ನಿನ್ನ ಬಡತನ ಕೇಳಿಲ್ಲವಾ. ಉರ್ದುದಾಗ ಗರಜ್ ಅಂದ್ರ ಉದ್ದೇಶಾನೂ ಹೌದು. ಯಾತಕ್ಕ ಬಂದೀ, ನಿನಗೇನು ಬೇಕಾಗೈತಿ ಅಂತ ಕೇಳ್ಯಾನ.”

ನನಗ ನೆಲ ಬಿರಿದ್ರ ಛಲೋ ಅನಿಸಿತು. ಅಷ್ಟು ಮಂದಿಯೊಳಗ ನನ್ನ ಬೇಕನ್ನ ಕೇಳಿದಾವ ಅವನೊಬ್ಬನ, ಅವನಿಗೆ ನಾನು ಏನೂ ಇಲ್ಲ ಅಂತ ಜಂಬದಿಂದ ಹೇಳಿ ಬಂದಿದ್ದೆ. ಮಾಸ್ತರು ಕಾಗದದ ಕೆಳಗ ಬೆರಳಿಟ್ರು. ಅಲ್ಲಿ ಬ್ಯಾರೆ ಕೈಯಿಂದ ಎರಡು ಸಾಲು ಬರದಿದ್ದುವು. ಡಾಕ್ಟರ್‌ಬಾಯಿ, ದವಾಖಾನಿ ದೊಡ್ಡಾಕಿ, ಬರದದ್ದಂತ. ಬರೋ ಅಮಾಸಿತನಕ ಜಾಗ ಖಾಲಿ ಇಡತೀನಿ, ಮತ್ತೊಮ್ಮೆ ಹೇಳೋದಿದ್ರ ಮನಿ ಹಿರಿಯರನ್ನ ಕರಕೊಂಡು ಬಾ, ಅವರ ಹೆಬ್ಬೆಟ್ಟೂ ಬೇಕು ಅಂತ.

ಮನಿ ಹಿರಿಯರು ಅಂದ್ರ ಅತ್ತಿ.

ಅತ್ತಿ ಕಟ್ಟಿಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ಲು. ಎಲ್ಲಾ ಕೇಳಿ, “ನೀನ ಅಂದೀಯಲ್ಲ ಗರಜಿಲ್ಲಂತ. ಮುಗೀತು,” ಅಂದ್ಲು.

“ನನಗ ತಿಳೀಲಿಲ್ಲ ಅತ್ತಿ. ತಿಳಿದಿದ್ರ ಹೇಳತಿದ್ದೆ.”

“ಏನು ಹೇಳತಿದ್ದಿ? ಈಗ ಹೇಳು. ನಾಕು ವರ್ಷದ ಕೂಸಿನ್ನ ನನ್ನ ಉಡಿಯಾಗ ಹಾಕಿ ಒಂದು ವರ್ಷ ಹೋಗಾಕ ನಿಂತೀದಿ. ಉಣ್ಣಾಕಿಲ್ಲೇನು ಇಲ್ಲಿ? ಹೊಡೀತೀವೇನು ನಿನ್ನ? ಯಾತಕ ಬೇಕು ನಿನಗ ಆ ಕೆಲಸ?”

ನಾನು ಬಾಯಿ ತಗದೆ. ಬಡವರಿಗೆ ಉಪಕಾರ ಆಗತೈತಿ ಅಂದೆ. “ನಿನಗ ಬಡವರ ಮ್ಯಾಲ ಯಾವಾಗಿಂದ ಇಷ್ಟು ಕನಿಕರ?” ಅಂದ್ಲು. ಪಗಾರ ಬರತೈತಿ ಅಂದೆ. “ಪಗಾರದ ಆಸೆಗೆ ಕೂಸು ಬಿಟ್ಟು ಹೋಗಾಕಿ ಅಲ್ಲ ನೀನು. ಅಷ್ಟು ನನಗ ಗೊತ್ತೈತಿ,” ಅಂದ್ಲು. ಎರಡೂ ಖರೆ ಹೇಳಿದ್ಲು. ನನಗ ಅಳು ಬಂತು, ಅಕಿ ಮುಂದ ಅಳಬಾರದಂತ ಹಿತ್ತಲಕ್ಕ ಹೋಗಿ ಅತ್ತೆ.

ಮೂರು ದಿನ ಹಂಗ ಹೋದ್ವು. ಅಮಾಸಿ ಹತ್ರ ಬರಾಕತ್ತಿತ್ತು. ನಾಕನೇ ದಿನ ಅತ್ತಿ ತಾನ ಮಗನಿಗೆ ಹೇಳಿದ್ಲು, “ನಾಳಿ ಚಕ್ಕಡಿ ಹೂಡು. ಆ ಡಾಕ್ಟರ್‌ಬಾಯಿ ಮುಂದ ಇಕಿ ಏನು ಹೇಳ್ತಾಳೋ ಕೇಳತೀನಿ. ಮಾತು ಖರೆ ಅನಿಸಿದ್ರ ಹೆಬ್ಬೆಟ್ಟು ಒತ್ತತೀನಿ. ಇಲ್ಲಂದ್ರ ಇಲ್ಲ.”

ದಾರಿತುಂಬಾ ನಾನು ಮಾತು ಹುಡುಕಿದೆ. ಮಗಳು ನನ್ನ ತೊಡಿಮ್ಯಾಲ ಮಲಗಿತ್ತು. ಸರಕಾರ, ಸೇವಾ, ಪುಣ್ಯ ಅಂತ ದೊಡ್ಡ ದೊಡ್ಡ ಮಾತು ಪೋಣಿಸಿದೆ, ಒಂದೂ ನನ್ನವಲ್ಲ ಅನಿಸಿ ಬಿಟ್ಟೆ.

ಡಾಕ್ಟರ್‌ಬಾಯಿ ಹೈದರಾಬಾದ ಕಡಿಯಾಕಿ. ಅಕಿ ಮಾತಿನ್ಯಾಗ ಉರ್ದು, ತೆಲುಗು, ಕನ್ನಡ ಮೂರೂ ಕಲಸಿದ್ದುವು. ಮುನ್ಶಿ ಹಳೇ ಅರ್ಜಿ ತಗದು ಮೇಜಿನ ಮ್ಯಾಲ ಹರವಿದ. ಅತ್ತಿ ಕುರ್ಚಿ ಬ್ಯಾಡಂತ ಗ್ವಾಡಿಗೆ ಆತು ನಿಂತ್ಲು.

“ಈಗ ಹೇಳಮ್ಮಾ,” ಅಂದ್ಲು ಡಾಕ್ಟರ್‌ಬಾಯಿ. “ಯಾಕ ಬೇಕು?”

ಪೋಣಿಸಿದ್ದೆಲ್ಲಾ ಹರಿದು ಹೋತು. ಉಳಿದದ್ದ ಹೇಳಿದೆ.

“ನಮ್ಮ ಬಾಜೂ ಮನಿ ಮುದುಕಿ ಹೊಟ್ಟಿಮ್ಯಾಲ ಕೈ ಇಟ್ಟು ಕೂಸು ತಿರುಗಿಸಿದ್ಲ್ರಿ. ಹೆಂಗ ಅಂತ ಕೇಳಿದ್ರ, ಕೈಗೆ ಗೊತ್ತೈತಿ, ನನಗ ಗೊತ್ತಿಲ್ಲ ಅಂದ್ಲು. ಆ ಕೈಗೆ ಗೊತ್ತಿದ್ದದ್ದು ನನಗ ಗೊತ್ತಾಗಬೇಕ್ರಿ. ಒಳಗ ಏನೈತಿ, ಹೆಂಗ ತಿರುಗತೈತಿ, ಯಾಕ ಒಂದೊಂದು ತಿರುಗೋದಿಲ್ಲ. ಗೊತ್ತಾದ್ರ ಇನ್ನೊಬ್ಬರಿಗೆ ಹೇಳಿಕೊಡಾಕ ಬರತೈತಿ. ಮಂದಿಗೆ ಉಪಯೋಗ ಆಗತೈತಿ, ಅದು ಖರೆ. ಆದ್ರ ಮೊದಲು ನನಗ ಬೇಕಾಗೈತ್ರಿ. ಇದು ತಿಳಕೊಳ್ಳದ ಸತ್ರ ನನಗ ಸಮಾಧಾನ ಇಲ್ಲ.”

ಮಂದಿ ಮುಂದ ‘ನನಗ ಬೇಕು’ ಅಂತ ನಾನು ಹಿಂದ ಯಾವತ್ತೂ ಅಂದಿದ್ದಿಲ್ಲ. ಉಪ್ಪು ಬೇಕಾದ್ರೂ ಮನ್ಯಾಗ ಉಪ್ಪು ತೀರೈತಿ ಅಂತಿದ್ದೆವು.

ಮುನ್ಶಿ ಲೇಖನಿ ಎತ್ತಿ, “ಶೌಕ್, ಖುಷಿಗೆ ಅಂತ ಬರೀಲೇನ್ರಿ?” ಅಂದ.

“ಶೌಕ್ ಅಲ್ಲ,” ಅಂದ್ಲು ಡಾಕ್ಟರ್‌ಬಾಯಿ. “ಆಕೆ ಹೆಂಗ ಅಂದ್ಲೋ ಹಂಗ ಬರೀರಿ. ಜಾಗ ಸಾಲದಿದ್ರ ಹಿಂದಿನ ಕಡೆ ಬರೀರಿ.”

ಆತ ‘ಏನೂ ಇಲ್ಲ’ ಅನ್ನೋದರ ಮ್ಯಾಲ ಗೀಟು ಹೊಡದು ಬರಿಯಾಕ ಹತ್ತಿದ. ಜಾಗ ಸಾಲಲಿಲ್ಲ, ಕಾಗದ ತಿರುವಿದ. ಬರದು ಓದಿ ಹೇಳಿದ. ನನಗ ಒಂದು ಮಾತೂ ತಿಳೀಲಿಲ್ಲ, ಆದ್ರ ಅದು ನನ್ನದ ಅನ್ನೋದು ತಿಳೀತು.

ಆಮ್ಯಾಲ ಶಾಯಿ ಡಬ್ಬಿ ಅತ್ತಿ ಕಡೆ ಸರಿಸಿದ. ಅತ್ತಿ ಗ್ವಾಡಿ ಬಿಟ್ಟು ಅಲಗಾಡಲಿಲ್ಲ. ನನ್ನ ಮಾರಿನ ನೋಡಾಕತ್ತಿದ್ಲು, ಎಂಟು ವರ್ಷದಾಗ ಹಂಗ ನೋಡಿದ್ದು ನಾ ಕಾಣೆ. ಕಡೀಕ ಡಾಕ್ಟರ್‌ಬಾಯಿ ಕಡೆ ತಿರುಗಿ, “ಇಕಿ ಬಾಳ ಸಿಟ್ಟಿನಾಕಿ ಅದಾಳ್ರಿ. ಬ್ಯಾನಿ ತಿನ್ನೋರ ಮ್ಯಾಲ ಹರಿಹಾಯ್ದ್ರ?” ಅಂತ ಕೇಳಿದ್ಲು.

“ಹರಿಹಾಯಲಿ ಬಿಡ್ರಿ. ಮನಿ ಗಂಡಸರ ಮ್ಯಾಲ ಹರಿಹಾಯಾಕ ನನಗ ಅಂಥಾಕಿ ಒಬ್ಬಾಕಿ ಬೇಕಾಗ್ಯಾಳ.”

ಅತ್ತಿ ಮುಂದ ಬಂದು ಹೆಬ್ಬೆಟ್ಟು ಒತ್ತಿದ್ಲು. ಒತ್ತಿ, ಬೆರಳ ಶಾಯಿ ತನ್ನ ತೆಲಿಗೂದಲಿಗೆ ಒರಸಿಕೊಂಡು, “ಕೂಸು ನನ್ನ ಹತ್ರ ಇರತೈತಿ,” ಅಂದ್ಲು. ನಾನು ಕಾಲಿಗೆ ಬೀಳಾಕ ಹೋದ್ರ, “ಸಾಕು ಏಳು, ಎತ್ತು ಬಿಸಲಾಗ ನಿಂತಾವು,” ಅಂದ್ಲು.

ವಾಪಸ್ ಬರುವಾಗ ಅತ್ತಿ ಎಲ್ಲಿ ಮನಸ್ಸು ತಿರುವ್ಯಾಳೋ ಅಂತ ನನಗ ಅಂಜಿಕಿ. ಮಸ್ಕಿ ಗುಡ್ಡ ಕಾಣಾಕ ಹತ್ತಿದಾಗ, ರಸ್ತೆ ಕಡೆ ನೋಡಿಕೋತ, “ಏನು ಬೇಕಂತ ನನ್ನ ಯಾರೂ ಹಂಗ ಕೇಳಲಿಲ್ಲ ನೋಡವಾ,” ಅಂದ್ಲು.

“ಕೇಳಿದ್ರ ಏನು ಹೇಳತಿದ್ದಿ ಅತ್ತಿ?”

“ಹೋಗು, ನಗತಿ ನೀನು.”

“ನಗೂದಿಲ್ಲ.”

“ಈಜಬೇಕಂತಿತ್ತು ನನಗ,” ಅಂದ್ಲು. “ಸಿಂಧನೂರಾಗ ನಮ್ಮಪ್ಪನ ತ್ವಾಟದಾಗ ದೊಡ್ಡ ಬಾವಿ ಇತ್ತು. ನಮ್ಮ ಅಣ್ಣತಮ್ಮಂದಿರು ಮುಳುಗಬಾರದಂತ ಬೆನ್ನಿಗೆ ಒಣ ಸೋರಿಬುರಡಿ ಕಟಗೊಂಡು ದುಮುಕತಿದ್ರು. ನಾನು ಮ್ಯಾಲ ಕುಂತು ಅವರ ಅಂಗಿ ಕಾಯತಿದ್ದೆ. ಅದರಿಂದ ಏನೂ ಬರತಿದ್ದಿಲ್ಲ, ಹೊಟ್ಟಿಗಿಲ್ಲ, ಬಟ್ಟಿಗಿಲ್ಲ. ಸುಮ್ಮನ ಬೇಕಂತಿತ್ತು.”

“ಈಗ ಕಲಿ.”

“ಈಗೆಲ್ಲಿ. ಹಲ್ಲು ಬಿದ್ದಾವು.”

“ಈಜಾಕ ಹಲ್ಲು ಯಾತಕ ಬೇಕು ಅತ್ತಿ?”

ಅಕಿ ಬೈತಾಳ ಅಂತಿದ್ದೆ. ಬೈಲಿಲ್ಲ. ಮುಂದ ಕುಂತಿದ್ದ ನಮ್ಮ ಮನಿಯವರ ಹೆಗಲು ಅಲಗಾಡಿದ್ವು. ನಗಾಕತ್ತಾರಂತ ತಿಳಕೊಂಡೆ. ಆದ್ರ ಅವರು ತಿರುಗಿ ನೋಡದ, “ಹೊಲದ ಬಾವ್ಯಾಗ ಈಗ ನೀರು ಛಲೋ ಅದಾವ ಬೇ ಯವ್ವಾ,” ಅಂದ್ರು. ಅವರ ದನಿ ಒಡದಿತ್ತು.

ನಾನು ದವಾಖಾನಿಗೆ ಹೋಗಾಕ ಇನ್ನೂ ಎಂಟು ದಿನ ಇತ್ತು. ಒಂದು ಮಧ್ಯಾಹ್ನ, ಆಜೂಬಾಜೂ ಹೊಲದವರು ಉಣ್ಣಾಕ ಹೋದ ಮ್ಯಾಲ, ನಾವು ನಾಕೂ ಮಂದಿ ಬಾವಿ ಮೆಟ್ಟಲಾ ಇಳಿದೆವು. ನಮ್ಮ ಮನಿಯವರು ಮೊದಲ ನೀರಾಗ ಇಳಿದು ನಿಂತಿದ್ರು. ನಾನು ಅತ್ತಿ ಬೆನ್ನಿಗೆ ಎರಡು ಸೋರಿಬುರಡಿ ಕಟ್ಟಿ, ನಡಕ್ಕ ಹಗ್ಗ ಬಿಗಿದು, ತುದಿ ಕೈಯಾಗ ಹಿಡಕೊಂಡೆ. ಅತ್ತಿ ಸೀರಿ ಕಚ್ಚಿ ಹಾಕಿಕೊಂಡು, ಹೊದ್ದಿದ್ದ ದುಪ್ಪಟಿ ಮಡಚಿ ಮೆಟ್ಟಲದ ಮ್ಯಾಲ ಇಟ್ಲು.

“ನಾ ಕಾಯತೀನಿ ಅಜ್ಜಿ,” ಅಂತ ನನ್ನ ಮಗಳು ಅದರ ಬಾಜೂಕ ಹೋಗಿ ಕುಂತ್ಲು.

ಅತ್ತಿ ನೀರಿಗಿ ಇಟ್ಟಿದ್ದ ಕಾಲು ತಿರುಗಿ ತಗದ್ಲು. ಮೆಟ್ಟಲಾ ಹತ್ತಿ ಬಂದು ಕೂಸಿನ ರಟ್ಟಿ ಹಿಡಿದು ಎಬ್ಬಿಸಿದ್ಲು. “ಕಾಯೋದೇನು ಬ್ಯಾಡ. ನೀನೂ ಇಳಿ,” ಅಂದ್ಲು. ಅದನ್ನ ನೀರಿನ ಹತ್ರ ಕರಕೊಂಡು ಬಂದು, ಕಡೀ ಮೆಟ್ಟಲದಾಗ ಕಾಲು ಇಳಿಬಿಡಿಸಿ ಕುಂದರಿಸಿದ್ಲು.

ಆಮ್ಯಾಲ ತಾನೂ ನೀರಿಗಿಳಿದು, ಹಿಡಕೊಂಡಿದ್ದ ಮೆಟ್ಟಲ ಕಲ್ಲು ಬಿಟ್ಲು. ಮುಳುಗಿದ್ಲು, ಎದ್ಲು, ಬಾಯಾಗಿನ ನೀರು ಉಗುಳಿ, ಹಗ್ಗ ಬಾಳ ಬಿಗಿ ಹಿಡದೀ ಅಂತ ನನ್ನ ಬೈದ್ಲು. ನಾನು ಸಡಲ ಬಿಟ್ಟೆ. ಅತ್ತಿ ಕಾಲು ಬಡಿಯಾಕ ಹತ್ತಿದ್ಲು.